ಮಗ್ಗದ ಸದ್ದಿನ ಪಕ್ಕದಲ್ಲಿ ಎರಡು ಸಿನಿಮಾ

೧೯೯೩ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಫೇಲಾಗಿ ಬಿಟ್ಟಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಅಪ್ಪನ ಮಗ್ಗಕ್ಕೆ ಇನ್ನೆರಡು ಕೈ ಬೇಕಿತ್ತು, ನನ್ನವು ಇದ್ದವು. ಅದೇ ವರ್ಷ ಟೆಂಟಿನಲ್ಲಿ ಒಂದು ಸಿನಿಮಾ ನೋಡಿದೆ. ಶಾಲೆ ಬಿಟ್ಟ ಹುಡುಗ ತಾಯಿಯ ಕಾಲು ಮುಟ್ಟಿ ದೊಡ್ಡ ಮನುಷ್ಯ ಆಗ್ತೀನಿ ಅಂತಾನೆ, ಮೂಟೆ ಹೊರ್ತಾನೆ, ಒಂದು ಹಾಡು ಮುಗಿಯೋದರೊಳಗೆ ಫ್ಯಾಕ್ಟರಿ ಯಜಮಾನ. ಮಾರನೇ ದಿನ ಬೆಳಿಗ್ಗೆ ನಾನೂ ಅಮ್ಮನ ಕಾಲು ಮುಟ್ಟಿದೆ. "ಏನು ಕಿತಾಪತಿ ಮಾಡ್ಕೊಂಡು ಬಂದಿದೀಯಲಾ?" ಅಂದಳು ಅಮ್ಮ. ನಾನು ತಮಾಷೆಗೆ ಮುಟ್ಟಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಟೀವಿ ಮುಂದೆ ಕೂತರೂ ನನ್ನ ಕಿವಿ ಆ ಕಡೆಗೇ. ಒಂದು ಮಗ್ಗದ ಸದ್ದು ತಪ್ಪಿದರೆ ಎಳೆ ಕಿತ್ತುಹೋಗಿದೆ ಅಂತ ಅರ್ಥ, ಎದ್ದು ಹೋಗ್ತೀನಿ. ನೋಡ್ಕೊಳ್ಳೋಕೆ ಆಳಿದ್ದಾನೆ, ಆದರೂ ಹೋಗ್ತೀನಿ. "ಮದುವೆ ಆದಾಗಿಂದ ಒಂದು ಸಿನಿಮಾದ ಕೊನೇನೂ ನೋಡಿಲ್ಲ ಇವರು. ಅಭಿಪ್ರಾಯ ಮಾತ್ರ ಜೋರು" ಅಂತ ಹೆಂಡತಿ ಬಂದವರ ಮುಂದೆಲ್ಲ ಹೇಳ್ತಾಳೆ.

ಜೋರೇ. ಕಣ್ಣಿಗೆ ಬಿದ್ದಷ್ಟರ ಬಗ್ಗೆ ಮಾತಾಡೋಕೆ ಏನು ತೊಂದರೆ?

ಹೋದ ತಿಂಗಳು ಲೈನ್ ರಿಪೇರಿ ಅಂತ ಇಡೀ ದಿನ ಕರೆಂಟ್ ತೆಗೆದಿದ್ದರು. ಕಾಲೇಜಿಗೆ ಹೋಗೋ ಮಗಳು ನಮ್ಮಿಬ್ಬರನ್ನೂ ಯಲಹಂಕದ ಕಡೆ ದೊಡ್ಡ ಥಿಯೇಟರಿಗೆ ಎಳ್ಕೊಂಡು ಹೋದಳು. ಕಂಪ್ಯೂಟರಲ್ಲಿ ಮಾಡಿದ ಬೊಂಬೆ ಸಿನಿಮಾ. ಒಂದು ಅಳಿಲು ಗಾಳಿಪಟಕ್ಕೆ ಜೋತುಬಿದ್ದು ಸಮುದ್ರ ದಾಟುತ್ತೆ. ಬಾಲದ ಕೂದಲು ಗಾಳಿಗೆ ಒಂದೊಂದಾಗಿ ಅಲ್ಲಾಡುತ್ತೆ. ಮಾಡಿದವರು ನಿಜಕ್ಕೂ ದುಡಿದಿದ್ದಾರೆ, ಅದನ್ನು ಒಪ್ಪಬೇಕು. ಆದರೆ ಆ ಅಳಿಲು ಅಷ್ಟು ದಿನ ಹೊಟ್ಟೆಗೆ ಏನು ಮಾಡ್ತು? ಒಂದು ಸೀನಲ್ಲಾದರೂ ತೋರಿಸಬೇಕಿತ್ತು. ಸಾಹಸ ಅಂದರೆ ಹಾರೋದು ಮಾತ್ರವಾ? ಕೊನೆಗೆ ದೊಡ್ಡ ಅಲೆ ಎದ್ದು, ಥಿಯೇಟರಲ್ಲಿ ಸದ್ದೆಲ್ಲ ಒಮ್ಮೆಗೇ ನಿಂತಿತು. ನಮ್ಮಲ್ಲಿ ಎಲ್ಲ ಸದ್ದೂ ಒಟ್ಟಿಗೆ ನಿಂತರೆ ಕರೆಂಟ್ ಹೋಯಿತು ಅಂತ. ಮತ್ತೆ ಕರೆಂಟ್ ಬಂದಾಗ ಮಗ್ಗಗಳು ತಾವಾಗೇ ಓಡದ ಹಾಗೆ ಓಡಿ ಹೋಗಿ ಸ್ವಿಚ್ ಆಫ್ ಮಾಡಬೇಕು. ನಾನು ಎದ್ದುಬಿಟ್ಟೆ. "ಗುರೂ, ಅಲೆ ಬರೋದು ಅಲ್ಲಿ, ನೀವ್ಯಾಕೆ ಓಡ್ತೀರಾ? ಕೂತ್ಕೊಳ್ಳಿ!" ಹಿಂದಿನ ಸೀಟಿನವನು ಕೂಗಿದ. ಎಲ್ಲರೂ ನಕ್ಕರು. ಹೊರಗೆ ಹೋಗಿ ಟೀ ಕುಡಿದೆ. ಅಳಿಲು ದಡ ಸೇರಿತಂತೆ.

ಎರಡನೇದು ಈ ಭಾನುವಾರ, ಮನೇಲೇ ನೋಡಿದ್ದು. ಹಳೇ ಸಿನಿಮಾಗಳನ್ನೆಲ್ಲ ಗೇಲಿ ಮಾಡೋ ಸಿನಿಮಾ. ವಿಲನ್ ನಕ್ಕು ನಕ್ಕು ಹಲ್ಲುಸೆಟ್ಟು ಉದುರುತ್ತೆ. ಪೊಲೀಸರು ಎಲ್ಲ ಮುಗಿದ ಮೇಲೆ ಬಂದು ಕಾಫಿ ಕೇಳ್ತಾರೆ. ಚೆನ್ನಾಗಿದೆ, ನಾನೂ ನಕ್ಕೆ. ಆಮೇಲೆ ಒಬ್ಬ ಹುಡುಗ ತಾಯಿಯ ಕಾಲು ಮುಟ್ಟಿದ. ಬೆನ್ನ ಮೇಲೆ ಮೂಟೆ, ಹಾಡು ಶುರು. ಮೂಟೆ ಹೋಗಿ ಕಾರು ಬಂತು, ಮೀಸೆ ಬಂತು, ಫ್ಯಾಕ್ಟರಿ ಬಂತು. ತಾಯಿ ಅಂತಾಳೆ: "ಇನ್ನೊಂದು ಚರಣ ಹಾಡೋ ಮಗನೇ, ಒಂದು ಸೈಟೂ ಬರ್ಲಿ!"

ಮಗಳು ದಿಂಬು ತಬ್ಬಿಕೊಂಡು ಬಿದ್ದು ಬಿದ್ದು ನಗ್ತಿದ್ದಳು. ನಾನು ಕಾಲು ಮುಟ್ಟಿದ ಕಥೇನ ಅಜ್ಜಿಯಿಂದ ಎಷ್ಟು ಸಲ ಕೇಳಿದಾಳೋ. ಆ ಸೀನನ್ನ ನಂಬಿಕೊಂಡು ಇಷ್ಟು ವರ್ಷ ದುಡಿದಿದೀನಿ. ಹಾಗಾದರೆ ಇವಳ ಕಣ್ಣಿಗೆ ನಾನು ಏನು?

"ಯಾವುದೋ ಮಗ್ಗ ನಿಂತಂಗಿದೆ" ಅಂತ ಎದ್ದೆ.

"ಎಲ್ಲಾನೂ ಓಡ್ತಾ ಇದಾವಪ್ಪ" ಅಂದಳು ಮಗಳು.

ಆ ಸದ್ದಲ್ಲೇ ತೊಟ್ಟಿಲಲ್ಲಿ ಮಲಗಿ ಬೆಳೆದವಳು. ಅವಳ ಹತ್ತಿರ ಈ ಸುಳ್ಳು ನಡೆಯೋದಿಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಬಾಗಿಲ ಚಿಲಕದ ಮೇಲೆ ಕೈ ಇಟ್ಕೊಂಡೇ, "ನಗು, ನಿಮ್ಮಪ್ಪನ್ನ ನೋಡಿ ಚೆನ್ನಾಗಿ ನಗು" ಅಂದೆ.

ಅವಳು ಸಿನಿಮಾ ನಿಲ್ಲಿಸಿದಳು. "ನಿನ್ನ ನೋಡಿ ಯಾಕೆ ನಗ್ಲಿ? ಅವನು ಒಂದೇ ಹಾಡಲ್ಲಿ ಯಜಮಾನ ಆಗ್ಬಿಟ್ಟ, ಅದಕ್ಕೆ ನಗು ಬಂತು. ನಿನ್ನ ಹಾಡು ನಾನು ಹುಟ್ಟೋಕೆ ಮುಂಚೆ ಶುರುವಾಗಿದ್ದು, ಇನ್ನೂ ಮುಗಿದೇ ಇಲ್ವಲ್ಲಪ್ಪ."

"ಇನ್ನೂ ಪಲ್ಲವೀಲೇ ಇದಾರೆ" ಅಂದಳು ಹೆಂಡತಿ, ಹುರುಳಿಕಾಯಿ ನಾರು ತೆಗೀತಾ.

ನನಗೆ ತಕ್ಷಣ ನಗು ಬರಲಿಲ್ಲ. ಬಂದು ಕೂತ ಮೇಲೆ ಬಂತು.

ಸ್ವಲ್ಪ ಹೊತ್ತಿಗೆ ನಿಜವಾಗ್ಲೂ ಒಂದು ಮಗ್ಗ ನಿಂತಿತು. "ಗೋಡೆ ಪಕ್ಕದ್ದು" ಅಂದಳು ಮಗಳು, ರಿಮೋಟ್ ಹಿಡಿದು ನನ್ನ ಮುಖ ನೋಡಿದಳು. ಕಾಲು ತಾನಾಗೇ ಏಳೋಕೆ ಹೊರಟಿತ್ತು.

"ಆಳಿದಾನೆ. ನೀನು ಹಾಕು."

ಆ ಮಗ್ಗ ಮತ್ತೆ ಶುರುವಾಗೋವರೆಗೂ ಪರದೆ ಮೇಲೆ ಏನು ನಡೀತೋ ಗೊತ್ತಿಲ್ಲ, ಮಂಡಿ ಮಾತ್ರ ಕುಣೀತಾ ಇತ್ತು. ಆದರೂ ಕೂತಿದ್ದೆ. ಕೊನೇ ಭಾಗ ಉದ್ದವಾಯಿತು, ಅರ್ಧ ಗಂಟೆ ಕತ್ತರಿಸಬಹುದಿತ್ತು. ಈ ಸಲ ನೋಡಿಯೇ ಹೇಳ್ತಿದೀನಿ.

ಈಗ ನನ್ನ ಹತ್ತಿರ ಇರೋದು: ಆರು ಮಗ್ಗ, ಒಂದು ಶೆಡ್ಡು, ಮೂರು ಕೋಣೆಯ ಮನೆ, ಹೆಂಡತಿ, ಒಬ್ಬ ಮಗಳು, ಮದುವೆಯಾದ ಮೇಲೆ ಕೊನೆವರೆಗೂ ನೋಡಿದ ಒಂದು ಸಿನಿಮಾ.