ಹಾಡಿ ನೋಡಿ ಕೊಂಡ ಸೈಕಲ್ಲು

ಶುಕ್ರವಾರದ ಭಜನೆಯಲ್ಲಿ ನನ್ನ ಉಸಿರು ಸಾಲಿನ ಮಧ್ಯದಲ್ಲೇ ಕೈಕೊಡಲು ಶುರುವಾಗಿ ಆರು ತಿಂಗಳಾಗಿತ್ತು. ತ್ಯಾಗರಾಜನಗರದ ನಮ್ಮ ಮಂಡಳಿಯಲ್ಲಿ ಮದುವೆಯಾಗಿ ಬಂದಾಗಿನಿಂದ ಹಾಡುತ್ತಿದ್ದೇನೆ. ಈಗ ಚರಣದ ಕೊನೆ ಬರುವ ಹೊತ್ತಿಗೆ ದನಿಯೇ ಇರುತ್ತಿರಲಿಲ್ಲ. ಪಕ್ಕದಲ್ಲಿ ಕೂರುವ ರಿಟೈರ್ಡ್ ಟೀಚರು ನಾನು ಬಿಟ್ಟ ಕಡೆಯಿಂದ ಮೆಲ್ಲಗೆ ಎತ್ತಿಕೊಂಡು ಸಾಲು ಮುಗಿಸಿಬಿಡುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತಲ್ಲ! ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತಿದ್ದೂ ಉಂಟು.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಹಾರ್ಟು, ಲಂಗ್ಸು ಎಲ್ಲಾ ಫಸ್ಟ್ ಕ್ಲಾಸಾಗಿದೆ. ಕೂತು ಕೂತು ದಮ್ಮು ಹೋಗಿದೆ ಅಷ್ಟೇ. ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿ" ಎಂದರು. ವಾಕಿಂಗ್ ನನ್ನಿಂದಾಗದು. ನಮ್ಮ ಬೀದಿಯ ಫುಟ್‌ಪಾತ್ ಕಲ್ಲು ಎಡವಿ ಒಮ್ಮೆ ಮಂಡಿ ಒಡೆದುಕೊಂಡಿದ್ದು ಸಾಕು. ಮನೆಗೇ ಏನಾದರೂ ತರೋಣ ಎಂದರು ಯಜಮಾನರು. ಹದಿನೈದು ಸಾವಿರದ ಮೇಲೆ ಒಂದು ಪೈಸೆ ಇಲ್ಲ ಎಂದೂ ಹೇಳಿದರು. ಟಿವಿಗೂ ಕಿಟಕಿಗೂ ನಡುವೆ ಒಂದೇ ಒಂದು ಸಾಮಾನಿಗೆ ಜಾಗವಿತ್ತು.

ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ಅವರು ನೇರವಾಗಿ ಟ್ರೆಡ್‌ಮಿಲ್ ಹತ್ತಿರ ಹೋಗಿ ನಿಂತರು. ನಮ್ಮ ದುಡ್ಡಿಗೆ ಬರುವುದು ಮೋಟಾರಿಲ್ಲದ್ದು, ಕಾಲಿನಲ್ಲೇ ಪಟ್ಟಿಯನ್ನು ತಳ್ಳಬೇಕು. ನಾನು ಸೆರಗು ಸಿಕ್ಕಿಸಿ ಹತ್ತಿದೆ, ಕಂಬಿ ಹಿಡಿದೆ, ಹಾಡಲು ಶುರು ಮಾಡಿದೆ.

"ಏನೇ ಇದು, ಅಂಗಡೀಲಿ!" ಎಂದರು ಯಜಮಾನರು.

"ಯಾತಕ್ಕೆ ತಗೊಳ್ತಿರೋದು ರೀ? ಹಾಡಕ್ಕೆ ತಾನೇ? ಹಾಡಿ ನೋಡ್ದೆ ಹೆಂಗೆ ತಗೊಳ್ಳೋದು?"

ಪಲ್ಲವಿಗೇ ಉಸಿರು ಕಟ್ಟಿತು. ಅದು ಬೇಡ. ಕೈಕಾಲು ಎರಡನ್ನೂ ಆಡಿಸುವ ಇನ್ನೊಂದು ಯಂತ್ರದ ಮೇಲೆ ಬಾಯಿಂದ ಸ್ವರದ ಬದಲು "ಅಯ್ಯಯ್ಯೋ" ಬಂತು. ಅದೂ ಬೇಡ. ಕೊನೆಗೆ ನಿಂತಲ್ಲೇ ತುಳಿಯುವ ಸೈಕಲ್ಲು. ಪಲ್ಲವಿ, ಅನುಪಲ್ಲವಿ, ಎರಡು ಚರಣ ಸಲೀಸಾಗಿ ಬಂದವು. ಪಕ್ಕದಲ್ಲಿ ಡಂಬೆಲ್ ನೋಡುತ್ತಿದ್ದವರೊಬ್ಬರು ಚಪ್ಪಾಳೆ ತಟ್ಟಿದರು. "ಆಂಟಿ, ಸಖತ್!" ಎಂದ ಅಂಗಡಿಯವನು. ಬಜೆಟ್ಟಿನಲ್ಲಿ ಮೂರು ಸಾವಿರ ಉಳಿಯಿತು ಕೂಡ. ನನ್ನ ಬುದ್ಧಿಗೆ ನಾನೇ ಬೀಗಿದೆ.

ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಇಟ್ಟು ಶುರು ಮಾಡಿದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಆರು ದೇವರನಾಮ. ಯಜಮಾನರು ಕಾಫಿ ಹಿಡಿದು ಕೂತು ತಾಳ ಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳು ಕಳೆದು ಬಂದ ಶುಕ್ರವಾರ ಉಸಿರು ಅದೇ ಜಾಗದಲ್ಲಿ ಕಡಿಯಿತು, ಟೀಚರು ಎತ್ತಿಕೊಂಡರು. ಮನೆಗೆ ಬಂದು ಸೈಕಲ್ಲಿಗೆ ಒದ್ದೆ. ಕಾಲಿಗೇ ಪೆಟ್ಟಾಯಿತು, ಹಾಳಾದ್ದು.

ಡಾಕ್ಟರ ಮುಂದೆ ಹೋಗಿ ಜಗಳಕ್ಕೇ ಕೂತೆ.

"ತುಳಿಯೋವಾಗ ಹಾಡ್ತೀರಾ?" ಎಂದರು ಅವರು.

"ಹೂಂ, ಆರಾಮಾಗಿ."

ಅವರು ಪೆನ್ನು ಕೆಳಗಿಟ್ಟು ನಗಲು ಶುರು ಮಾಡಿದರು. "ಅಲ್ಲಮ್ಮಾ, ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಅಷ್ಟು ಜೋರಾಗಿ ತುಳಿದ್ರೇನೇ ಎದೆಗೆ ಕೆಲಸ. ನೀವು ಒಂದು ತಿಂಗಳು ಕಚೇರಿ ಮಾಡಿದೀರಿ ಅಷ್ಟೇ!"

ಹೊರಗೆ ಬಂದ ಮೇಲೆ ಯಜಮಾನರು ಆಟೋದಲ್ಲಿ ಮನೆಯವರೆಗೂ ನಕ್ಕರು. ಸೈಕಲ್ಲಿನ ಹ್ಯಾಂಡಲ್ ಕೆಳಗೆ ಪೆಡಲು ಬಿಗಿ ಮಾಡುವ ನಂಬರಿನ ತಿರುಪೊಂದಿತ್ತು. ಅಂಗಡಿಯವನು ಒಂದಕ್ಕಿಟ್ಟಿದ್ದನ್ನು ನಾನು ಮುಟ್ಟಿಯೇ ಇರಲಿಲ್ಲ. ಮಾರನೆಯ ದಿನ ಮೂರಕ್ಕೆ ತಿರುಗಿಸಿದೆ. ಎರಡೇ ನಿಮಿಷಕ್ಕೆ ಹಾಡು ನಿಂತಿತು. ತಾಳ ಹಾಕಲು ಬಂದ ಯಜಮಾನರನ್ನು ಬೈಯುವಷ್ಟು ಮಾತ್ರ ಉಸಿರು ಉಳಿದಿತ್ತು. ಬೆಂಡೆಕಾಯಿ ಹೆಚ್ಚುವಾಗಲೂ ಗುನುಗುವ ನನಗೆ ದಿನಾ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರುವುದು ತುಳಿಯುವುದಕ್ಕಿಂತ ಕಷ್ಟವಾಯಿತು. ಆದರೂ ತುಳಿದೆ.

ಮೂರು ತಿಂಗಳಾದ ಮೇಲಿನ ಒಂದು ಶುಕ್ರವಾರ ಅದೇ ಚರಣ ಬಂತು. ನನ್ನ ಉಸಿರು ಕಡಿಯುವ ಜಾಗ ಟೀಚರಿಗೆ ಬಾಯಿಪಾಠ. ಅವರು ಎಂದಿನಂತೆ ನನ್ನ ಕಡೆ ವಾಲಿ, ಉಸಿರೆಳೆದುಕೊಂಡು, ಬಾಯಿ ತೆರೆದು ಸಿದ್ಧರಾದರು. ನಾನು ಹಾಡುತ್ತಲೇ ಹೋದೆ. ಸಾಲಿನ ಕೊನೆಯ ಅಕ್ಷರವನ್ನೂ ಎಳೆದು ಇಳಿಸಿದೆ. ತೆರೆದ ಬಾಯನ್ನು ಟೀಚರು ನಿಧಾನವಾಗಿ ಮುಚ್ಚಿಕೊಂಡು, ಚಾಪೆಯ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.