ಬಣ್ಣದ ಕಾರ್ಖಾನೆಯ ಒಬ್ಬನೇ ಆರೋಪಿ

ಠಾಣೆಯಲ್ಲಿ ಇನ್ಸ್‌ಪೆಕ್ಟರಿಗೆ ಜಿಗಣೆ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ ಅನ್ನಿ. ಆದರೂ ಆತನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಜೇಬುಗಳ್ಳನಿರಲಿ, ಬೀಗ ಮುರಿಯುವವನಿರಲಿ, ಕಚ್ಚಿದರೆ ಬಿಡುವ ಆಸಾಮಿಯಲ್ಲ. ಹಾಗಂತ ಹೊಡೆದು ಬಡಿದು ಬಾಯಿ ಬಿಡಿಸುವ ಪೈಕಿಯೂ ಅಲ್ಲ. ಸಿಕ್ಕಿಬಿದ್ದ ಚಿಲ್ಲರೆ ಕಳ್ಳನನ್ನು ಎದುರು ಕೂರಿಸಿಕೊಂಡು, ತನ್ನ ಊಟದ ಡಬ್ಬಿ ಬಿಚ್ಚಿ ಅರ್ಧ ಅವನ ಮುಂದಿಡುತ್ತಿದ್ದ. ತುತ್ತು ಒಳಗಿಳಿದ ಹಾಗೆ ಮಾತು ಹೊರಬರುತ್ತಿತ್ತು.

"ಕೈ ಹಿಡೀರಯ್ಯಾ, ತಲೆ ತಾನಾಗೇ ಬರುತ್ತೆ" ಎಂದು ಪೇದೆಗಳಿಗೆ ಹೇಳುತ್ತಿದ್ದ. ಸುಳ್ಳೇನಲ್ಲ. ಕಳ್ಳರ ಗುಂಪಿನ ಯಜಮಾನ, ತನ್ನವನು ಎಲ್ಲಿ ಬಾಯಿ ಬಿಟ್ಟಾನೋ ಎಂದು ಬೆದರಿ, ಅಲ್ಲಿ ಇಲ್ಲಿ ಓಡಾಡಿ ತಾನೇ ಬಲೆಗೆ ಬೀಳುತ್ತಿದ್ದ.

ಹೀಗಿರುವಾಗ ಬಣ್ಣದ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವವನೊಬ್ಬ ವಿಷಗಾಳಿ ಕುಡಿದು ಸತ್ತ. ಗಾಳಿ ಕೆಟ್ಟರೆ ಕೂಗುವ ಗಂಟೆಯೊಂದು ಅಲ್ಲಿತ್ತು, ಅವತ್ತು ಕೂಗಲಿಲ್ಲ. ಅದರ ತಂತಿ ಕತ್ತರಿಸಿದ್ದವನು ಪಾಳಿಯ ಮೆಕ್ಯಾನಿಕ್. ಕರ್ಮ ನೋಡಿ, ಅವನು ಸತ್ತವನ ಹೆಂಡತಿಯ ಒಡಹುಟ್ಟಿದ ತಮ್ಮ.

ಜಿಗಣೆ ಡಬ್ಬಿ ಬಿಚ್ಚಿದ. ಮೆಕ್ಯಾನಿಕ್ ತುತ್ತು ಮುಟ್ಟದೆಯೇ ಅತ್ತುಕೊಂಡು ಎಲ್ಲ ಹೇಳಿಬಿಟ್ಟ.

"ಕತ್ತರಿಸು ಅಂದವರು ಯಾರು?"

"ಹಾಗಂತ ಯಾರೂ ಹೇಳಲ್ಲ ಸಾರ್. ಗಂಟೆ ಹೊಡೆದಾಗೆಲ್ಲ ಕೆಲಸ ನಿಲ್ತಿತ್ತು. ಗಾಳಿ ಎಳೆಯೋ ಫ್ಯಾನು ಹಾಳಾಗಿದೆ, ಹೊಸದು ಕೊಡ್ಸಿ ಅಂದ್ವಿ. ನೋಡೋಣ ಅಂದ್ರು. ಆಮೇಲೆ ಮ್ಯಾನೇಜರ್ ಬಂದು, ಇನ್ಮೇಲೆ ಕೆಲಸ ನಿಲ್ಲಬಾರದು, ಏನಾದ್ರೂ ಮಾಡು ಅಂದ್ರು."

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಮೆಕ್ಯಾನಿಕ್ ಅಕ್ಕನ ಕಾಲು ಹಿಡಿದು ಇದನ್ನೇ ಹೇಳಿಕೊಂಡಿದ್ದ. ಅವಳು ಸಾಕ್ಷಿ ಹೇಳಿದರೆ ಅದು ನಿಲ್ಲುತ್ತದೆ. ಜಿಗಣೆ ಅವಳ ಒಂಟಿ ಕೋಣೆಗೆ ಹೋದ. ಹಗ್ಗದ ಮೇಲೆ ಗಂಡನ ಅಂಗಿ. ಎಷ್ಟು ಒಗೆದರೂ ತೋಳಿನ ನೀಲಿ ಹೋಗಿರಲಿಲ್ಲ.

"ಕಂಪನಿಯವರನ್ನ ಹಿಡೀರಿ ಸಾಹೇಬ್ರೇ. ತಮ್ಮನ ಸುದ್ದಿ ಬೇಡ. ನಾನೇ ಎತ್ತಿ ಆಡಿಸಿದ ಮಗು ಅದು."

"ಅವನು ನನಗೆ ಮೆಟ್ಟಿಲು ಅಷ್ಟೇ, ತಾಯಿ. ಯಜಮಾನನ ತನಕ ಹತ್ತುತೀನಿ. ಆಮೇಲೆ ಅವನನ್ನ ಸಾಕ್ಷಿ ಮಾಡ್ಕೊಂಡು ಬಿಡಿಸ್ತೀನಿ. ನನ್ನ ಮಾತು ನಂಬು."

ಅವಳು ನಂಬಿದಳು, ಸಾಕ್ಷಿ ಹೇಳಲು ಒಪ್ಪಿದಳು. ಅವನೂ ಅದನ್ನು ನಂಬಿಯೇ ಹೇಳಿದ್ದ, ಪುಣ್ಯಾತ್ಮ.

ಹತ್ತಲು ಹೊರಟ. "ಕೆಲಸ ನಿಲ್ಲಬಾರದು ಅಂದೆ ಸ್ವಾಮಿ, ತಂತಿ ಕತ್ತರಿಸು ಅಂದ್ನಾ?" ಎಂದ ಮ್ಯಾನೇಜರ್. ಅವನ ಮೇಲಿನವರು ಫ್ಯಾನಿನ ವಿಚಾರ ಸಮಿತಿಗೆ ಬಿಟ್ಟಿದ್ದು ಎಂದರು. ಸಮಿತಿಯವರು, ಎಲ್ಲರೂ ಸೇರಿ ಮುಂದಕ್ಕೆ ಹಾಕಿದ್ದು ಎಂದರು. ಹತ್ತು ಜನ ಸೇರಿ ಮಾಡಿದ ತಪ್ಪಿಗೆ ಒಂದು ಕೊರಳೂ ಇಲ್ಲ ಅಂದರೆ ಏನು ಹೇಳೋಣ! ಕೊನೆಗೆ ಯಜಮಾನರು. ಎದ್ದು ನಿಂತು ಕೈಮುಗಿದರು, ಕಣ್ಣೊರೆಸಿಕೊಂಡರು. ಕಣ್ಣೀರು ನಾಟಕದ್ದಲ್ಲ, ಜಿಗಣೆಗೆ ಹೊಟ್ಟೆ ಉರಿದದ್ದು ಅದಕ್ಕೇ. ಹಿಂದಿನ ಗೋಡೆಯ ಮೇಲೆ ಅವರದೇ ಸಹಿಯ ಫಲಕ: ಗಂಟೆಯನ್ನು ಯಾರೂ ನಿಲ್ಲಿಸಕೂಡದು. ನಿಯಮ ಮೀರಿದ ಮೆಕ್ಯಾನಿಕ್‌ನನ್ನು ಕೆಲಸದಿಂದ ತೆಗೆದೂ ಆಗಿತ್ತು. ಇಲ್ಲಿ ಯಾರಿಗೂ ಹೆದರಿಕೆಯಿರಲಿಲ್ಲ.

ಸರ್ಕಾರಿ ವಕೀಲರು ಕನ್ನಡಕ ತೆಗೆದಿಟ್ಟರು. "ಗಂಟೆ ಸತ್ತಿದೆ ಅಂತ ಮೇಲೆ ಯಾರಿಗೆ ಗೊತ್ತಿತ್ತು, ಹೇಳಿ. ಗೊತ್ತಾಗಲೇಬಾರದು ಅಂತ ಕಟ್ಟಿರೋ ಮನೆ ಅದು. ಅವರ ಕಡೆ ವಕೀಲರ ದಂಡೇ ಬರುತ್ತೆ. ನನಗೆ ದಿನ ಬೆಳಗಾದ್ರೆ ರಾಶಿ ಕೇಸು. ನಿಲ್ಲೋದನ್ನ ಕೊಡ್ರೀ."

"ನಿಲ್ಲೋದು ಯಾವುದು?"

"ತಂತಿ ಕತ್ತರಿಸಿದವನು."

ಜಿಗಣೆ ಮೇಲಧಿಕಾರಿಗಳ ಬಾಗಿಲು ತಟ್ಟಿ ತಟ್ಟಿ ಸೋತ. ಕಂಪನಿ ದಂಡ ಕಟ್ಟಿ ಕೈ ತೊಳೆದುಕೊಂಡಿತು. ಇದನ್ನು ಅವಳಿಗೆ ಹೋಗಿ ಹೇಳಬೇಕಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ವಿಚಾರಣೆಯ ದಿನ ಬಂತು. ಕಳ್ಳರನ್ನು ಕಂಡು ಹೆದರದ ಗಂಡಸು ಒಬ್ಬ ಹೆಂಗಸಿನ ಮುಖಕ್ಕೆ ಹೆದರಿದ.

ಕಟಕಟೆಯಲ್ಲಿ ಅವಳು ತಡವರಿಸಲಿಲ್ಲ. ತಮ್ಮ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಅಷ್ಟು ಸಾಕಾಯಿತು, ಅವನಿಗೆ ಜೈಲಾಯಿತು. ಅವನನ್ನು ವ್ಯಾನಿಗೆ ಹತ್ತಿಸುವಾಗ ಅವಳು ಸೆರಗು ಸರಿಮಾಡಿಕೊಂಡು ಜಿಗಣೆಯ ಹತ್ತಿರ ಬಂದಳು. ಮುಖದಲ್ಲಿ ಗಾಬರಿಯೇ ಇರಲಿಲ್ಲ.

"ಯಜಮಾನ್ರು ಇವತ್ತು ಬರಲಿಲ್ಲವಲ್ಲ ಸಾಹೇಬ್ರೇ. ಅವರನ್ನ ಯಾವತ್ತು ಕರೀತಾರೆ?"

"ಕರಿಯಲ್ಲ ತಾಯಿ. ಕೇಸು ಮುಗೀತು."

ಅವಳು ವ್ಯಾನಿನ ಕಡೆ ನೋಡಿದಳು. ಆಮೇಲೆ ಇವನ ಕಡೆ.

"ಹಾಗಿದ್ರೆ ನನ್ನ ಬಾಯಲ್ಲಿ ಯಾಕೆ ಹೇಳಿಸಿದ್ರಿ?"