ಅರ್ಜಿದಾರರ ಕುರ್ಚಿ
ನಮ್ಮ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತರು ಯಾರು ಬಂದರೂ "ಮೊದ್ಲು ಕೂತ್ಕೊಳ್ಳಿ, ಆಮೇಲೆ ಮಾತು" ಎನ್ನುತ್ತಿದ್ದರು. ಕಿಟಕಿಯಿಂದ ಬೆಕ್ಕು ಬಂದರೂ ಹಾಗೇ ಅನ್ನುತ್ತಿದ್ದರೇನೋ. ಕೂತ ಜನ ಬೇಗ ಏಳುವುದಿಲ್ಲವೆಂದು ಸಾಹೇಬರು ಅರ್ಜಿದಾರರ ಆ ಒಂದೇ ಕುರ್ಚಿಯನ್ನು ಮೂರು ಸಲ ಉಗ್ರಾಣಕ್ಕೆ ಹಾಕಿಸಿದರು. ಮೂರು ಸಲವೂ ಇವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಮಂಡಿನೋವು ನುಂಗಿಕೊಂಡು ದಿನವಿಡೀ ನಿಂತೇ ಬರೆದರು. ಹೋದ ವಾರ ತೀರಿಕೊಂಡರು. ಇವತ್ತಿನ ಸಂತಾಪ ಸಭೆಗೆ ಉಗ್ರಾಣದ ಕುರ್ಚಿ ಹೊರಬಂತು, ಅವರ ಫೋಟೋ ಇಡುವುದಕ್ಕೆ! ಅದರ ಪಕ್ಕದಲ್ಲೇ ನಿಂತು ಸಾಹೇಬರು "ಎಂಥಾ ದೊಡ್ಡ ಮನುಷ್ಯ!" ಎಂದು ಕಣ್ಣೊರೆಸಿಕೊಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲಿ ಅರ್ಜಿ ಹಿಡಿದ ಅಜ್ಜಿಯೊಬ್ಬರು ಗೋಡೆಗೊರಗಿ ನಿಂತಿದ್ದರು. ನಾನು ಎದ್ದು ಹೋಗಿ ಫೋಟೋ ಎತ್ತಿ ಎದೆಗವಚಿಕೊಂಡೆ. "ಬನ್ನಿ ಅಜ್ಜಿ, ಮೊದ್ಲು ಕೂತ್ಕೊಳ್ಳಿ."